ಬಸೂನು ಮುಂದೆ ಬಂದದ್ದು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಬಸೂನು ಊದುವವನು ಯಾವಾಗಲೂ ಹಿಂದಿನ ಸಾಲಿನಲ್ಲೇ ಕೂರಬೇಕೆ?"

ಗುರು ಹಳ್ಳಿಯಿಂದ ಬಂದವನು, ಇನ್ನೂ ಮೀಸೆ ತಿರುವುವ ವಯಸ್ಸು. ಅವನು ಹೇಳಿದ:

ನಾನು ಹೇಳುವುದನ್ನು ನೀನು ನಂಬುವುದಿಲ್ಲ. ನಂಬದೆ ಕಡೆಯವರೆಗೆ ಕೂತಿರು ನೋಡೋಣ. ನಿನ್ನಿಂದಾದರೆ ಈ ಮೀಸೆ ಬೋಳಿಸುತ್ತೇನೆ.

ಒಬ್ಬ ದೊರೆಗೆ ವಿಲಾಯಿತಿ ವಾದ್ಯಗಳ ಬ್ಯಾಂಡಿತ್ತು. ಅದರಲ್ಲಿ ನಾನು ಬಸೂನು ಊದುತ್ತಿದ್ದೆ. ಎದೆಯೆತ್ತರದ ಮರದ ಕೊಳವೆ, ತಗ್ಗಿನ ದನಿ. ಪಿಟೀಲಿನವರು ಹಾಡುವಾಗ ಕೆಳಗೆ ಆಧಾರ ಹಿಡಿಯುವುದು ಅದರ ಕೆಲಸ. ನನ್ನಷ್ಟು ಉಸಿರಿದ್ದವನು ಆ ಊರಲ್ಲೇ ಇರಲಿಲ್ಲ. ಆದರೂ ಹಿರಿಯ ಪಿಟೀಲುಗಾರ ನನ್ನನ್ನು ಎಮ್ಮೆ ಎಂದು ಕರೆಯುತ್ತಿದ್ದ. ಕೆನೆ ಬೇಕಾದಾಗ ಎಮ್ಮೆಯ ಹತ್ತಿರವೇ ಬರುತ್ತೀರಿ ಸ್ವಾಮಿ ಎಂದು ನಾನೂ ಬಿಡುತ್ತಿರಲಿಲ್ಲ.

ಒಂದು ದಿನ ಬ್ಯಾಂಡ್ ಮೇಷ್ಟರ ಮುಂದೆ ನಿಂತೆ. ಬಸೂನು ಹಾಡಬೇಕು, ಮಿಕ್ಕವರು ಜೊತೆ ಕೊಡಬೇಕು, ಅಂಥದೊಂದು ಕೃತಿ ಬರೆದುಕೊಡಿ ಎಂದೆ. ದೊರೆ ತಲೆದೂಗದಿದ್ದರೆ ಬ್ಯಾಂಡು ಬಿಟ್ಟು ಊರಿಗೆ ಹೋಗಿ ಎಮ್ಮೆಯನ್ನೇ ಕಾಯುತ್ತೇನೆ ಎಂದೂ ಮಾತು ಕೊಟ್ಟೆ. ಮೇಷ್ಟರು ನಕ್ಕರು. ಬರೆದರು. ಮೊದಲ ಭಾಗ ಓಡುತ್ತಿತ್ತು, ನಡುವಿನದು ನಿಧಾನವಾಗಿ ನಡೆಯುತ್ತಿತ್ತು, ಕಡೆಯದು ಕುಣಿಯುತ್ತಿತ್ತು.

ಅಭ್ಯಾಸಕ್ಕೆ ಕೂತಾಗ ತೊಡಕು ತಿಳಿಯಿತು. ನಾನು ಮೇಲಿನ ಸ್ವರಗಳಿಗೆ ಹೋದರೆ ಕೆಳಗೆ ಆಧಾರವಿಲ್ಲ. ನನ್ನ ಹಳೆಯ ಕುರ್ಚಿ ಖಾಲಿ. ಉಗ್ರಾಣದಲ್ಲಿ ಇನ್ನೊಂದು ಬಸೂನೇನೋ ಇತ್ತು, ಹಿಂದೆ ಕೂತು ಊದಲು ಯಾರೂ ಒಪ್ಪಲಿಲ್ಲ. ಕೊಟ್ಟಿಗೆಗೆ ಒಂದೇ ಎಮ್ಮೆ ಸಾಕು ಎಂದು ಪಿಟೀಲುಗಾರ ನಕ್ಕ. ನಾನು ಊರಿಗೆ ಗಂಟು ಕಟ್ಟಿದೆ ಅಂತಲೇ ಅಂದುಕೊ.

ದೊರೆಯ ಮುಂದೆ ನುಡಿಸುವ ಸಂಜೆ ಬಂತು. ಮೇಷ್ಟರು ಬ್ಯಾಂಡಿಗೆ ತಾಳ ತೋರಿಸುವ ತಮ್ಮ ಕೋಲನ್ನು ಪಿಟೀಲುಗಾರನ ಕೈಗೆ ಕೊಟ್ಟು, ಉಗ್ರಾಣದ ಬಸೂನನ್ನು ಎತ್ತಿಕೊಂಡು ಹೋಗಿ, ನನ್ನ ಕುರ್ಚಿಯಲ್ಲಿ ಕೂತರು.

"ಕೃತಿ ತಮ್ಮದು ಮೇಷ್ಟರೇ, ಮುಂದೆ ನಿಲ್ಲಬೇಕಾದವರು ತಾವು" ಎಂದೆ.

"ನೀನು ಹಾಡಪ್ಪ. ಕೆಳಗೆ ನಾನಿದ್ದೇನೆ" ಎಂದರು.

ಊದಿದೆ ನೋಡು. ಕಡೆಯ ಭಾಗಕ್ಕೆ ಬರುವಷ್ಟರಲ್ಲಿ ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದರು. ಕಾವಲಿನವನ ಕಾಲು ತಾಳ ಹಾಕುತ್ತಿತ್ತು. ದೊರೆ ತಲೆದೂಗುವುದಿರಲಿ, ಎದ್ದೇ ನಿಂತರು, ಶಾಲು ಹೊದಿಸಿದರು. ಪಿಟೀಲುಗಾರ ಹತ್ತಿರ ಬಂದು, ಕೆನೆ ಗಟ್ಟಿಯಾಗಿದೆ ಕಣಯ್ಯ ಎಂದ.

ಎಲ್ಲರೂ ಹೋದ ಮೇಲೆ ಮೇಷ್ಟರು ತಾವು ಊದಿದ ಬಸೂನನ್ನು ಒರೆಸಿ ನನ್ನ ಕೈಗಿಟ್ಟರು. ನನಗೆ ಕೊನೆಗೆ ಸಿಕ್ಕಿದ್ದು ಅದು.

"ಎರಡು ಬಸೂನು ಇಟ್ಟುಕೊಂಡು ಏನು ಮಾಡಿದಿರಿ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದ: "ನಾಳೆ ನೀನು ಮುಂದೆ ಕೂತು ಊದು, ಹಿಂದಿನ ಕುರ್ಚಿಯಲ್ಲಿ ನನ್ನನ್ನು ಮೀರಿಸುವವನು ಈ ಸೀಮೆಯಲ್ಲಿಲ್ಲ."