ಗಾಣದ ಎತ್ತಿನ ಬೆಲೆ

ಬೆಟಗೇರಿಯಲ್ಲಿ ಮಂದಾಕಿನಿ ಎಂಬ ಹೆಣ್ಣುಮಗಳಿದ್ದಳು. ಅವಳಿಗೆ ಎರಡು ಅಂಗಡಿ. ಒಂದು ಬೀದಿಗೆ ಬಾಗಿಲಿದ್ದ ಎಣ್ಣೆ ಅಂಗಡಿ. ಅದನ್ನು ಅವಳೂ ಗಂಡ ಚೆನ್ನವೀರನೂ ಕೂಡಿ ನಡೆಸುತ್ತಿದ್ದರು. ಇನ್ನೊಂದಕ್ಕೆ ಬಾಗಿಲೂ ಇಲ್ಲ, ಕೀಲಿಯೂ ಇಲ್ಲ. ಅದು ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿತ್ತು.

ಎಣ್ಣೆ ಅಂಗಡಿಯ ಮುಂದೆ ಸೀಮೆಸುಣ್ಣದಲ್ಲಿ ದರ ಬರೆದ ಪಾಟಿ ತೂಗುಹಾಕಿತ್ತು. ಶೇಂಗಾ, ಕುಸುಬಿ, ಕೊಬ್ಬರಿ, ಎಳ್ಳು. ಎಣ್ಣೆಯ ದರ ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಅದಕ್ಕೇ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮಂದಾಕಿನಿ ಒದ್ದೆ ಬಟ್ಟೆಯಿಂದ ಪಾಟಿ ಒರೆಸುತ್ತಿದ್ದಳು. ದರ ಬದಲಾಗದಿದ್ದರೂ ಒರೆಸಿ, ಅದನ್ನೇ ಮತ್ತೆ ಬರೆಯುತ್ತಿದ್ದಳು. ದೇವರಿಗೆ ದೀಪ ಹಚ್ಚುವುದು ಆಮೇಲೆ. ಅವಳ ಅತ್ತೆ ಕಲಿಸಿದ ಪದ್ಧತಿ ಅದು. ಓಣಿಯ ಜನ ಆ ಪಾಟಿಯನ್ನು ಕಣ್ಣುಮುಚ್ಚಿ ನಂಬುತ್ತಿದ್ದರು.

ಹಿಂದಿನ ಕೋಣೆಯಲ್ಲಿ ಅವಳು ಒಂದು ವಿಡಿಯೋ ಗೇಮ್ ಮಾಡಿದ್ದಳು. ಗಾಣ ತಿರುಗಿ ತಿರುಗಿ ಬೇಸತ್ತ ಒಂದು ಎತ್ತು ಕಣ್ಣುಪಟ್ಟಿ ಕಿತ್ತೆಸೆದು ಊರು ನೋಡಲು ಹೊರಡುತ್ತದೆ. ಆಡುವವರು ಅದಕ್ಕೆ ದಾರಿ ತೋರಿಸಬೇಕು. ಇಷ್ಟೇ ಆಟ, ಆದರೆ ಎತ್ತಿನ ಮುಖ ನೋಡಿದರೆ ಎಂಥವರಿಗೂ ಪ್ರೀತಿ ಬರುವಂತಿತ್ತು. ಗೇಮುಗಳನ್ನು ಮಾರುವ ಒಂದು ದೊಡ್ಡ ಆನ್‌ಲೈನ್ ಮಳಿಗೆಯಲ್ಲಿ ಅವಳು ಅದನ್ನು ಮಾರಾಟಕ್ಕಿಟ್ಟಳು.

ಮಳಿಗೆಯವರು ಕೇಳಿದರು, ಯಾವ ದೇಶದಲ್ಲಿ ಎಷ್ಟು ಬೆಲೆ? ಅಷ್ಟು ದೇಶಗಳಿಗೆ ಯಾರು ಕೂತು ಬೆಲೆ ಕಟ್ಟಬೇಕು ಎನಿಸಿತು ಅವಳಿಗೆ. ಮಳಿಗೆಯವರೇ ಒಂದು ಬೆಲೆಪಟ್ಟಿ ಕೊಟ್ಟಿದ್ದರು. ಕೆಳಗೆ, ಬೇಕಾದರೆ ನೀವೇ ಬದಲಿಸಿಕೊಳ್ಳಬಹುದು ಎಂದೂ ಬರೆದಿತ್ತು. ಮಂದಾಕಿನಿ ಅಷ್ಟು ಕೆಳಗೆ ಓದಲಿಲ್ಲ. ಒಪ್ಪಿಗೆ ಎಂಬ ಗುಂಡಿ ಒತ್ತಿದಳು, ಎದ್ದುಹೋಗಿ ಅನ್ನಕ್ಕಿಟ್ಟಳು. ಆ ಪುಟವನ್ನು ಮತ್ತೆ ತೆರೆದು ನೋಡಲೇ ಇಲ್ಲ.

ದೂರದ ಒಂದು ಸಣ್ಣ ದೇಶದಲ್ಲಿ ಎಲೀನಾ ಎಂಬುವಳಿದ್ದಳು. ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುವವಳು. ಅವಳಿಗೆ ಈ ಎತ್ತು ಎಷ್ಟು ಹಿಡಿಸಿತೆಂದರೆ, ತನ್ನ ಶಾಲೆಯ ಮಕ್ಕಳೂ ಆಡಲಿ ಎಂದು ಇಡೀ ಆಟವನ್ನು ತನ್ನ ಭಾಷೆಗೆ ತಂದುಕೊಟ್ಟಳು. ಕೂಲಿ ಕೇಳಲಿಲ್ಲ. ಎತ್ತನ್ನು ಕರೆಯುವ ‘ಬಾರೋ ಬಸವಾ’ ಎಂಬ ಒಂದು ಮಾತಿಗಾಗಿ ವಾರಗಟ್ಟಲೆ ಒದ್ದಾಡಿ, ಕೊನೆಗೆ ತನ್ನ ಅಜ್ಜ ಕುದುರೆಯನ್ನು ಕರೆಯುತ್ತಿದ್ದ ಮಾತನ್ನು ನೆನಪಿಸಿಕೊಂಡು ಹಾಕಿದಳು. ಮಂದಾಕಿನಿಯ ಹೃದಯ ತುಂಬಿ ಬಂತು. ಆಟದ ಕೊನೆಯಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಅವಳ ಹೆಸರು ಹಾಕಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಗೆಳತಿಯರಾದರು.

ವರ್ಷಗಳು ಕಳೆದವು. ಒಂದು ದಿನ ಎಲೀನಾ ಬರೆದಳು.

“ನಿಮ್ಮ ಬೆಲೆಪಟ್ಟಿ ಬಹಳ ಹಳೆಯದು. ಆಗ ಒಂದು ಡಾಲರಿಗೆ ನಮ್ಮ ಎಂಬತ್ತು ನಾಣ್ಯ ಕೊಡಬೇಕಿತ್ತು. ಈಗ ಐವತ್ತು ಕೊಟ್ಟರೆ ಸಾಕು. ಆಟಕ್ಕೆ ಮಾತ್ರ ನೀವು ಎಂಬತ್ತರ ಲೆಕ್ಕದಲ್ಲೇ ತೆಗೆದುಕೊಳ್ಳುತ್ತಿದ್ದೀರಿ. ಅಮೆರಿಕದವರು ಹತ್ತು ಡಾಲರಿಗೆ ಆಡುವ ಆಟಕ್ಕೆ ನಾವು ಹದಿನಾರು ಕೊಡುತ್ತಿದ್ದೇವೆ. ಅವರ ಸಂಬಳ ಎಲ್ಲಿ, ನಮ್ಮದೆಲ್ಲಿ? ದಯವಿಟ್ಟು ಒಮ್ಮೆ ನೋಡಿ.”

ಆ ಹೊತ್ತಿಗೆ ಅಂಗಡಿಗೆ ಎಣ್ಣೆಯ ಡಬ್ಬಿಗಳ ಗಾಡಿ ಬಂದು ನಿಂತಿತ್ತು. ಮಂದಾಕಿನಿ ಅವಸರದಲ್ಲಿ ಉತ್ತರ ಬರೆದಳು. “ಬೆಲೆಪಟ್ಟಿ ಮಳಿಗೆಯವರದು. ನನ್ನ ಕೈಯಲ್ಲಿ ಏನೂ ಇಲ್ಲ.”

ಸುಳ್ಳು ಹೇಳಬೇಕೆಂದು ಅವಳು ಹೇಳಿದ್ದಲ್ಲ. ನಿಜ ಏನೆಂದು ನೋಡಲು ಹೋಗಲಿಲ್ಲ, ಅಷ್ಟೆ. ಆದರೆ ಕೇಳಿದವಳಿಗೆ ಎರಡೂ ಒಂದೇ.

ಅತ್ತ ಎಲೀನಾಳ ಊರಿನ ಜನ ಅವಳನ್ನೇ ಆಡಿಕೊಳ್ಳತೊಡಗಿದರು. “ನಮ್ಮನ್ನು ಸುಲಿಯುವವರ ಆಟವನ್ನು ನಮ್ಮ ಭಾಷೆಗೆ ತಂದೆಯಲ್ಲ, ನಿನಗೆಷ್ಟು ಪಾಲು?” ಎಂದರು. ಶಾಲೆಯ ಮಕ್ಕಳಲ್ಲಿ ಒಬ್ಬರಿಗೂ ಆಟ ಕೊಳ್ಳಲಾಗಲಿಲ್ಲ. ತಿಂಗಳು ತುಂಬುವುದರೊಳಗೆ ಅವಳಿಂದ ಒಂದೇ ಸಾಲಿನ ಪತ್ರ ಬಂತು.

“ಆಟದಿಂದ ನನ್ನ ಹೆಸರು ತೆಗೆದುಬಿಡಿ.”

ಮಂದಾಕಿನಿಗೆ ಕೆನ್ನೆಗೆ ಹೊಡೆದಂತಾಯಿತು. ಸಿಟ್ಟೂ ಬಂತು. ಮಳಿಗೆಯವರು ಮಾಡಿದ್ದಕ್ಕೆ ನನಗೇಕೆ ಈ ಶಿಕ್ಷೆ ಎಂದು ಒಳಗೊಳಗೇ ಕುದಿದಳು. ಆದರೂ ಹೆಸರು ತೆಗೆದಳು. ಆ ಜಾಗ ಖಾಲಿ ಉಳಿಯಿತು.

ಮರುದಿನ ಅವಳು ತವರಿಗೆ ಹೋಗಬೇಕಿತ್ತು. ಅಂಗಡಿ ಚೆನ್ನವೀರನ ಪಾಲಿಗೆ ಬಂತು. ಅವನು ಒಳ್ಳೆಯವನೇ, ಆದರೆ ಬೆಳಗಿನ ಚಹಾ ಒಳಗೆ ಹೋಗುವ ತನಕ ಅವನ ಕೈಕಾಲು ಏಳುವುದಿಲ್ಲ. ಸಂಜೆ ಮಂದಾಕಿನಿ ಬಂದು ನೋಡುತ್ತಾಳೆ, ಪಾಟಿಯ ಮೇಲೆ ನಿನ್ನೆಯ ದರ ಹಾಗೇ ಇದೆ. ಶೇಂಗಾ ಎಣ್ಣೆ ಆ ದಿನ ಇಳಿದಿತ್ತು.

“ಮುಂಜಾನಿಂದ ಯಾರ್ಯಾರಿಗೆ ಕೊಟ್ರಿ?” ಎಂದು ಕೇಳಿದಳು.

“ಶೇಂಗಾ ಎಣ್ಣಿ ನಮ್ಮ ಓಣಿ ಮಾಬೂಬಿ ಒಬ್ಬಾಕಿನ ಒಯ್ದಾಳ. ಮದುವಿ ಮನಿ ಅಂತ, ಎರಡು ಡಬ್ಬಿ.”

“ಹಳೇ ದರಕ್ಕ?”

“ಪಾಟಿ ಮ್ಯಾಲ ಹಂಗ ಬರದಿತ್ತು, ಹಂಗ ಇಸ್ಕೊಂಡೆ. ಬರದಾಕಿ ನೀನು. ಇದರಾಗ ನಂದೇನು ತಪ್ಪೈತಿ?”

ಮಂದಾಕಿನಿಗೆ ರೇಗಿಹೋಯಿತು. “ಪಾಟಿ ತಾನ ಎದ್ದು ಒರಸಿಕೊಳ್ತದೇನ್ರಿ? ಬರದವರು ಯಾರರ ಇರಲಿ, ಇವತ್ತ ಗಲ್ಲಾದ ಮ್ಯಾಲ ಕುಂತವರು ನೀವು. ಮಾಬೂಬಿ ರೊಕ್ಕ ಬಿದ್ದದ್ದು ನಿಮ್ಮ ಗಲ್ಲಾಕ್ಕ. ನೋಡೂದು ನಿಮ್ಮ ಕೆಲಸ...”

ಮಾತು ಅಲ್ಲಿಗೇ ನಿಂತಿತು. ಬೈಯಲು ಎತ್ತಿದ ಕೈ ಕೆಳಗಿಳಿಯಿತು. ಚೆನ್ನವೀರ ಇನ್ನಷ್ಟು ಬೈಗುಳಕ್ಕೆ ತಯಾರಾಗಿ ನಿಂತಿದ್ದ, ಅದು ಬರಲೇ ಇಲ್ಲ. ಅವನಿಗೆ ಅದೇ ಹೆಚ್ಚು ಹೆದರಿಕೆಯಾಯಿತು.

“ಯಾಕ, ಏನಾತು?” ಎಂದ.

“ನೀವು ಮಾಬೂಬಿ ಮನಿಗೆ ಹೋಗಿ ಹೆಚ್ಚಿಗಿ ಇಸಕೊಂಡಿದ್ದು ಕೊಟ್ಟ ಬರ್ರಿ,” ಎಂದಳು ಮಂದಾಕಿನಿ. “ನಂದೂ ಒಂದು ಪಾಟಿ ಒರಸೂದು ಉಳದೈತಿ.”

ಹಿಂದಿನ ಕೋಣೆಗೆ ಹೋಗಿ ಆ ಪುಟ ತೆರೆದಳು. ಈ ಸಲ ಕೆಳಗಿನವರೆಗೆ ಓದಿದಳು. ಬೇಕಾದರೆ ನೀವೇ ಬದಲಿಸಿಕೊಳ್ಳಬಹುದು ಎಂಬ ಸಾಲು ಇಷ್ಟು ವರ್ಷವೂ ಅಲ್ಲೇ ಇತ್ತು. ಅವಳಿಗೆ ಬಹಳ ನಾಚಿಕೆಯಾಯಿತು. ಒಂದೊಂದೇ ದೇಶದ ಬೆಲೆಯನ್ನು ಇವತ್ತಿನ ದರಕ್ಕೆ, ಅಲ್ಲಿಯ ಜನರ ದುಡಿಮೆಗೆ ಹೊಂದುವಂತೆ ತಿದ್ದಿದಳು. ಎಲೀನಾಳ ದೇಶದಲ್ಲಿ ಹೆಚ್ಚು ಕೊಟ್ಟು ಕೊಂಡವರಿಗೆಲ್ಲ ತಾನು ಮಾಡುತ್ತಿದ್ದ ಆಟದ ಎರಡನೆಯ ಭಾಗವನ್ನು ಪುಕ್ಕಟೆ ಕೊಡುವುದಾಗಿ ತಿಳಿಸಿದಳು. ಬಳಿಕ ಎಲೀನಾಳಿಗೆ ಬರೆದಳು. “ನನ್ನ ಕೈಯಲ್ಲಿ ಏನೂ ಇಲ್ಲ ಎಂದಿದ್ದೆ. ಎಲ್ಲವೂ ನನ್ನ ಕೈಯಲ್ಲೇ ಇತ್ತು. ನಾನು ನೋಡಿರಲಿಲ್ಲ. ತಪ್ಪಾಯಿತು. ನಿಮ್ಮ ಹೆಸರು ಮತ್ತೆ ಹಾಕಲೇ?”

ಉತ್ತರ ಬಂತು. “ಬೆಲೆ ಸರಿಯಾಗಿದೆ. ಮಕ್ಕಳು ಆಡುತ್ತಿದ್ದಾರೆ. ಹೆಸರು ಈಗಲೇ ಬೇಡ. ನಾನು ಹೇಳಿದ್ದಕ್ಕೆ ನೀವು ನೋಡಿದಿರಿ. ಹೇಳದೆಯೂ ನೋಡುತ್ತೀರೋ ಎಂದು ತಿಳಿಯಬೇಕು.”

ಪೆಟ್ಟು ಬಿದ್ದದ್ದು ಸರಿಯಾದ ಜಾಗಕ್ಕೇ.

ಬೆಟಗೇರಿ ಕಡೆಯ ಅಂಗಡಿಗಳಲ್ಲಿ ಅಮಾವಾಸ್ಯೆಗೊಮ್ಮೆ ತಕ್ಕಡಿ ತೊಳೆದು, ಕುಂಕುಮ ಇಟ್ಟು, ಕಾಯಿ ಒಡೆಯುವ ರೂಢಿಯುಂಟು. ಮುಂದಿನ ಅಮಾವಾಸ್ಯೆಯಿಂದ ಮಂದಾಕಿನಿ ತಕ್ಕಡಿಯ ಪೂಜೆ ಮುಗಿಸಿ ನೇರವಾಗಿ ಹಿಂದಿನ ಕೋಣೆಗೆ ಹೋಗಿ ಬೆಲೆಯ ಪುಟ ತೆರೆದು ಕೂರತೊಡಗಿದಳು.

“ಅದಕ್ಕೂ ಒಂದು ಕಾಯಿ ಒಡೀಲೇನು?” ಎಂದು ಚೆನ್ನವೀರ ಚೇಷ್ಟೆ ಮಾಡಿದ.

“ಕಾಯಿ ಬ್ಯಾಡ. ಕಣ್ಣ ತಗದ ನೋಡಿದ್ರ ಸಾಕು ಇದಕ್ಕ,” ಎಂದಳು ಅವಳು.

ಎಷ್ಟೋ ಅಮಾವಾಸ್ಯೆಗಳಲ್ಲಿ ಬದಲಿಸುವುದೇನೂ ಇರಲಿಲ್ಲ. ಆದರೂ ನೋಡಿದಳು. ಹೀಗೇ ಒಂದು ಅಮಾವಾಸ್ಯೆಯಂದು ನೋಡಿದರೆ ಎಲೀನಾಳ ದೇಶದ ನಾಣ್ಯ ಇನ್ನೊಂದಿಷ್ಟು ಬಲಗೊಂಡಿತ್ತು. ಯಾರೂ ದೂರಿರಲಿಲ್ಲ. ಯಾರ ಗಮನಕ್ಕೂ ಬಂದಿರಲಿಲ್ಲ. ಮಂದಾಕಿನಿ ಆಗಲೇ ಅಲ್ಲಿಯ ಬೆಲೆ ಇಳಿಸಿದಳು. ಇಳಿಸಿ, ಎಲೀನಾಳಿಗೆ ಎರಡು ಸಾಲಿನಲ್ಲಿ ತಿಳಿಸಿದಳು. ಹೆಸರಿನ ಮಾತು ಎತ್ತಲಿಲ್ಲ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಉತ್ತರ ಬಂತು. ಮೊದಲಿಗೆ, ಅವಳ ಅಜ್ಜ ಕುದುರೆಯನ್ನು ಕರೆಯುತ್ತಿದ್ದ ಆ ಮಾತು. ಅದರ ಕೆಳಗೆ ಒಂದು ಸಾಲು.

“ಈಗ ನನ್ನ ಹೆಸರು ಹಾಕಿ.”

ಮಂದಾಕಿನಿ ಗಲ್ಲಾದ ಮುಂದೆ ಕೂತು ಅತ್ತಳು. ಎಣ್ಣೆಗೆ ಬಂದಿದ್ದ ಮಾಬೂಬಿ ತನ್ನ ಬಾಟಲಿ ತಾನೇ ತುಂಬಿಸಿಕೊಂಡು, ಪಾಟಿಯ ಮೇಲಿದ್ದಷ್ಟು ಹಣ ಇಟ್ಟು ಹೋದಳು.

ಕಥೆ ಹೇಳುವ ನೀತಿ: ಬೆಲೆಯನ್ನು ಒಮ್ಮೆ ಕಟ್ಟಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ನಿನ್ನೆ ನ್ಯಾಯವಾಗಿದ್ದದ್ದು, ನೋಡದೆ ಬಿಟ್ಟರೆ, ಇವತ್ತು ಅನ್ಯಾಯವಾಗಿರುತ್ತದೆ. ಪಟ್ಟಿ ಬರೆದವರು ಯಾರೇ ಇರಲಿ, ಹಣ ಯಾರ ಗಲ್ಲಾಕ್ಕೆ ಬೀಳುತ್ತದೋ ಅವರೇ ಅದನ್ನು ನೋಡಬೇಕು. ಅದೂ ಇನ್ನೊಬ್ಬರು ಬಂದು ಹೇಳುವ ಮೊದಲೇ.