ಹರಿಗೋಲಿನ ಹೆಸರು

ಹರಿಗೋಲು ಎಂಬ ಬ್ರೌಸರಿನ ಹೊರತು ಬೇರೆ ಯಾರನ್ನೂ ಒಳಗೆ ಬಿಡಬಾರದೆಂದು ಒಂದು ಜಾಲತಾಣದ ಬಾಗಿಲಿಗೆ ಕಟ್ಟಪ್ಪಣೆಯಾಗಿತ್ತು. ಮಿಂಚುಳ್ಳಿ ಎಂಬ ಹೊಸ ಬ್ರೌಸರು ಬಂದು, ತಾನು ಅದಕ್ಕಿಂತ ಚುರುಕೆಂದು ಎಷ್ಟು ಹೇಳಿದರೂ ಬಾಗಿಲು ಜಗ್ಗಲಿಲ್ಲ. ಕೊನೆಗೆ ಅದು, “ನಾನೇ ಹರಿಗೋಲು,” ಎಂದಿತು. ಬಾಗಿಲು ತೆರೆಯಿತು. ಆಮೇಲೆ ಬಂದ ಬ್ರೌಸರುಗಳೆಲ್ಲ ಅದೇ ಹೆಸರು ಹೇಳಿ ಒಳಗೆ ಹೋದವು.

ವರ್ಷಗಳು ಕಳೆದ ಮೇಲೆ, ಹಳೆಯ ಕಂಪ್ಯೂಟರೊಂದರಿಂದ ನಿಜವಾದ ಹರಿಗೋಲೇ ಬಂತು.

“ಹೆಸರು ಸರಿ ಅಜ್ಜ, ಆದರೆ ನಿಮ್ಮ ಆವೃತ್ತಿ ಹಳೆಯದು. ಹೊಸದನ್ನು ಹಾಕಿಸಿಕೊಂಡು ಬನ್ನಿ,” ಎಂದಿತು ಬಾಗಿಲು.

“ನನ್ನ ಕಂಪ್ಯೂಟರಿನಲ್ಲಿ ಹೊಸದು ನಡೆಯುವುದಿಲ್ಲಪ್ಪ. ನೀನು ತೆರೆಯುವುದು ನನ್ನ ಹೆಸರಿಗೇ ಅಲ್ಲವೇ?”

“ಹೆಸರಿಗೆ ಹೌದು, ನಿಮಗಲ್ಲ. ಸ್ವಲ್ಪ ಪಕ್ಕಕ್ಕೆ ನಿಲ್ಲಿ,” ಎಂದ ಬಾಗಿಲು, ಹಿಂದೆ ನಿಂತಿದ್ದ ಮಿಂಚುಳ್ಳಿಯನ್ನು ಕರೆಯಿತು: “ಬನ್ನಿ ಹರಿಗೋಲು ಅವರೇ, ಒಳಗೆ ಬನ್ನಿ.”