ಹಗುರ ಸೈಕಲ್ಲಿನ ಬೆಲ್ಲು

ಬೆಟ್ಟ ಹತ್ತುವ ಕಾರ್ಬನ್ ಸೈಕಲ್ಲೊಂದು ಮೌಲಾಲಿಯ ರಿಪೇರಿ ಅಂಗಡಿಗೆ ಬಂದಿತ್ತು. ಒಂದೇ ಬೆರಳಿನಲ್ಲಿ ಎತ್ತುವಷ್ಟು ಹಗುರವೆಂದು ಅದಕ್ಕೆ ಬಲು ಜಂಬ. ಹ್ಯಾಂಡಲ್ ಮೇಲೆ ಕೂತು ಅದನ್ನು ದಿನವಿಡೀ ಹೊಗಳುವುದೇ ಬೆಲ್ಲಿನ ಕಸುಬು.

ಮೌಲಾಲಿ ನಾಣ್ಯ ಹಿಡಿದು ಫ್ರೇಮನ್ನು ಉದ್ದಕ್ಕೂ ತಟ್ಟತೊಡಗಿದ. ಗಟ್ಟಿಯಿದ್ದರೆ ‘ಟಕ್’ ಎನ್ನುತ್ತದೆ, ಒಳಗೆ ಬಿರುಕಿದ್ದರೆ ‘ಡಬ್’ ಎನ್ನುತ್ತದೆ.

“ನನ್ನ ಕತ್ತಿನಲ್ಲಿ ಬಿರುಕಿದೆ. ಅಲ್ಲಿ ತಟ್ಟಿದಾಗ ಜೋರಾಗಿ ಕೂಗು. ಗೊತ್ತಾದರೆ ನನ್ನ ಮಾನ ಹೋಗುತ್ತದೆ,” ಎಂದು ಸೈಕಲ್ಲು ಬೆಲ್ಲಿಗೆ ಪಿಸುಗುಟ್ಟಿತು. ಸವಾರನ ಪ್ರಾಣದ ಮಾತೇ ಅದರ ಬಾಯಲ್ಲಿ ಬರಲಿಲ್ಲ.

“ಅಪ್ಪಣೆ, ಧಣಿ!” ಎಂದ ಬೆಲ್ಲು, ನಾಣ್ಯ ಅಲ್ಲಿ ತಗುಲಿದೊಡನೆ ‘ಟ್ರಿಣ್’ ಎಂದು ಕಿರುಚಿತು. ಮೌಲಾಲಿಗೆ ಬೇರೇನೂ ಕೇಳಿಸಲಿಲ್ಲ.

ಪಕ್ಕದಲ್ಲಿದ್ದ ಹಾಲಿನವನ ಕಬ್ಬಿಣದ ಸೈಕಲ್ಲಿಗೆ ಮೂರು ಕಡೆ ವೆಲ್ಡಿಂಗ್ ಆಗಿತ್ತು. ಅದು ಬೆಲ್ಲಿನ ಕಡೆ ನೋಡಿ ನಕ್ಕಿತು. “ಭಲೇ ತಮ್ಮಾ! ನಾಳೆ ಇಳಿಜಾರಿನಲ್ಲಿ ಆ ಕತ್ತು ಮುರಿದು ಹ್ಯಾಂಡಲ್ ಬಂಡೆಗೆ ಬಡಿದಾಗ, ಅದರ ಮೇಲೆ ಕೂತಿರುವವನು ಯಾರು?”

ಬೆಲ್ಲು ತಾನು ಕೂತಿದ್ದ ಹ್ಯಾಂಡಲನ್ನೊಮ್ಮೆ ಬಗ್ಗಿ ನೋಡಿಕೊಂಡಿತು.

“ಇದೆಂಥ ಹಾಳು ಗದ್ದಲ!” ಎಂದು ಗೊಣಗುತ್ತ ಮೌಲಾಲಿ ಅಲ್ಲೇ ಮತ್ತೊಮ್ಮೆ ತಟ್ಟಿದ.

“ಕೂಗೋ!” ಎಂದು ಸೈಕಲ್ಲು ಗದರಿಸಿತು. ಬೆಲ್ಲು ತುಟಿ ಬಿಚ್ಚಲಿಲ್ಲ. ‘ಡಬ್’ ಎಂಬ ಸದ್ದು ಅಂಗಡಿಗೆಲ್ಲ ಕೇಳಿಸಿತು. ಮೌಲಾಲಿ ಬಿರುಕಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸೈಕಲ್ಲನ್ನು ರಿಪೇರಿಯ ಕೊಕ್ಕೆಗೆ ನೇತುಹಾಕಿದ.

“ದ್ರೋಹಿ! ಲಜ್ಜೆಗೆಟ್ಟವನೇ!” ಎಂದು ಸೈಕಲ್ಲು ಅಲ್ಲಿಂದಲೇ ಅರಚಿತು.

“ಬೈಯಿರಿ ಧಣಿ, ಬಾಯ್ತುಂಬ ಬೈಯಿರಿ,” ಎಂದಿತು ಬೆಲ್ಲು. “ಬೈಯುವುದಕ್ಕೆ ನೀವೂ ಉಳಿದಿರಿ, ಬೈಸಿಕೊಳ್ಳುವುದಕ್ಕೆ ನಾನೂ ಉಳಿದೆ.”